ಶನಿವಾರದ ಅಮ್ಮ

ಶನಿವಾರ ಬಂತೆಂದರೆ ಕೃತಿ ಬೆಳಗಿನ ತಿಂಡಿ ತಿನ್ನುತ್ತಿರಲಿಲ್ಲ. ವೇಲಚೇರಿಯ ಲೇಡೀಸ್ ಹಾಸ್ಟೆಲಿನ ಪೊಂಗಲ್ ತಪ್ಪಿತೆಂದು ಯಾರೂ ಕೊರಗಬೇಕಾಗಿಲ್ಲ ಅನ್ನಿ, ಆದರೆ ಅವಳು ಹಸಿದಿರುತ್ತಿದ್ದುದು ಬೇಕೆಂದೇ. ಬಸ್ಸು ಹಿಡಿದು ಟಿ. ನಗರಕ್ಕೆ ಬಂದು, ಸೀರೆ ಅಂಗಡಿಗಳ ಜನಜಂಗುಳಿಯಲ್ಲಿ ನುಸುಳಿ, ಹಿಂದಿನ ಗಲ್ಲಿಯ ವಿಷ್ಣುಮೂರ್ತಿಯವರ ಸಣ್ಣ ಹೋಟೆಲಿನ ಪಕ್ಕದ ಮೆಟ್ಟಿಲು ಹತ್ತಿದರೆ, ಮೇಲಿನ ಮನೆಯಲ್ಲಿ ಅವರ ಹೆಂಡತಿ ಅನಸೂಯಮ್ಮ ಬಾಳೆಲೆ ಹಾಕಿ ಕಾದಿರುತ್ತಿದ್ದರು. ಸೌತೆಕಾಯಿ ಹುಳಿ, ಬಾಳೆಕಾಯಿ ಪಲ್ಯ, ತಂಬುಳಿ. ಕೆಳಗಿನ ಹೋಟೆಲಿನ ಅಡುಗೆಯಲ್ಲ, ಇವಳಿಗೆಂದೇ ಮಾಡಿದ್ದು.

"ಮೊದಲು ಉಣ್ಣು, ಮತ್ತೆ ಅಳು," ಎನ್ನುತ್ತಿದ್ದರು ಅನಸೂಯಮ್ಮ. "ಹಸಿದ ಹೊಟ್ಟೆಯಲ್ಲಿ ಅತ್ತರೆ ತಲೆನೋವು ಬರ್ತದೆ ಮಗಾ."

ಕೃತಿ ಹಾಗೆಯೇ ಮಾಡುತ್ತಿದ್ದಳು. ಹೊಟ್ಟೆ ತುಂಬ ಉಂಡು, ಎಲೆ ತೆಗೆದು, ಆಮೇಲೆ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅಳುತ್ತಿದ್ದಳು. ಅನಸೂಯಮ್ಮ ಹಿಂದೆ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತ ತಾವೂ ಮೂಗು ಒರೆಸಿಕೊಳ್ಳುತ್ತಿದ್ದರು. ಚೆನ್ನೈಯಂಥ ಊರಿನಲ್ಲಿ ಊಟ ಹಾಕುವವರು ಸಿಕ್ಕಾರು, ಬಾಡಿಗೆಗೆ ಕೋಣೆಯೂ ಸಿಕ್ಕೀತು. ಮುಖ ಮುಚ್ಚಿಕೊಳ್ಳದೆ ಅಳುವುದಕ್ಕೆ ಒಂದು ಜಾಗ ಸಿಗುವುದು ಸುಲಭವಲ್ಲ. ಅದು ಸಿಕ್ಕಿದ್ದಕ್ಕೆ ಕೃತಿ ದೇವರಿಗೆ ಕೈ ಮುಗಿಯುತ್ತಿದ್ದಳು.

ಅಳುವಿಗೆ ಕಾರಣ ಬೇರೆ ಯಾರೂ ಅಲ್ಲ, ಅನಸೂಯಮ್ಮನ ಮಗ ಮಿಥುನನೇ.

ಪೆರುಂಗುಡಿಯ ಆಫೀಸಿನಲ್ಲಿ ಇಬ್ಬರೂ ಒಂದೇ ಮಹಡಿಯಲ್ಲಿದ್ದವರು. ತಮಿಳು, ಇಂಗ್ಲಿಷಿನ ನಡುವೆ ಕನ್ನಡ ಮಾತಾಡುವ ಒಬ್ಬ ಸಿಕ್ಕಿದ ಎನ್ನುವುದರಿಂದ ಶುರುವಾದ ಸ್ನೇಹ, ಅಂಥ ಸ್ನೇಹ ಹೋಗಿ ಮುಟ್ಟುವ ಕಡೆಗೇ ಹೋಗಿ ಮುಟ್ಟಿತು. ಮದುವೆಯ ಮಾತನ್ನು ಯಾರೂ ಬಾಯಿಬಿಟ್ಟು ಎತ್ತಿರಲಿಲ್ಲ, ಆಗುವುದಿಲ್ಲ ಎಂದವರೂ ಇರಲಿಲ್ಲ. ಅಷ್ಟರಲ್ಲಿ ಮಿಥುನನಿಗೆ ಕೆಲಸ ಬಿಟ್ಟು ಅಡುಗೆಮನೆ ತೆರೆಯುವ ಹುಚ್ಚು ಹತ್ತಿತು. ಕರಾವಳಿಯ ಊಟ, ಫೋನಿನಲ್ಲಿ ಹೇಳಿದರೆ ಮನೆಬಾಗಿಲಿಗೆ. ವಿಷ್ಣುಮೂರ್ತಿ ಒಂದು ಪೈಸೆ ಬಿಚ್ಚಲಿಲ್ಲ. "ಹೋಟೆಲ್ ಅಂದ್ರೆ ಗಲ್ಲಾದಲ್ಲಿ ಕೂತು ಗಿರಾಕಿಯ ಮುಖ ನೋಡಿ ಕಲಿಯುವಂಥದ್ದು," ಎಂದು ಮಗನನ್ನು ಅಟ್ಟಿದರು. ಮಗ ಕೃತಿಯ ಹತ್ತಿರ ಬಂದ. ಅವಳ ಪರ್ಸಿನಲ್ಲಿ ಮೂರು ಕ್ರೆಡಿಟ್ ಕಾರ್ಡುಗಳಿದ್ದವು. ಫ್ರಿಜ್ಜಿಗೆ ಒಂದು, ಗ್ರೈಂಡರು ಒಲೆಗಳಿಗೆ ಒಂದು, ವೇಲಚೇರಿಯ ಮಳಿಗೆಯ ಅಡ್ವಾನ್ಸಿಗೂ ಅಡುಗೆಯವರ ಸಂಬಳಕ್ಕೂ ಇನ್ನೊಂದು. "ಇನ್ನು ನಿನ್ನದು ನನ್ನದು ಅಂತ ಬೇರೆ ಎಂತ ಉಂಟು?" ಎಂದಿದ್ದ. ಮದುವೆಯ ಮಾತಿಗೆ ಅವನು ಅತಿ ಹತ್ತಿರ ಬಂದದ್ದು ಅದೊಂದೇ ಸಲ, ಮತ್ತು ಅವಳಿಗೆ ಅಷ್ಟೇ ಸಾಕಾಗಿತ್ತು.

ಆ ಡಿಸೆಂಬರಿನ ಮಳೆಗೆ ವೇಲಚೇರಿ ಎಂದಿನಂತೆ ಮುಳುಗಿತು. ನೆಲಮಹಡಿಯ ಮಳಿಗೆಯಲ್ಲಿ ಎದೆಮಟ್ಟ ನೀರು ನಿಂತು, ಫ್ರಿಜ್ಜು ಮಗುಚಿ ಬಿದ್ದು, ಅಕ್ಕಿಯ ಮೂಟೆಗಳು ಕೊಳೆತು ನಾರಿದವು. ಮಿಥುನ್ ಕೆಸರು ಬಳಿಯುತ್ತ ಕೆಲವು ದಿನ ಇದ್ದ. ಪುಣೆಯಲ್ಲಿ ಏನೋ ಕೆಲಸವಿದೆಯಂತೆ, ನೋಡಿಕೊಂಡು ಬರುತ್ತೇನೆ ಎಂದು ಹೋದವನು ಬರಲಿಲ್ಲ. ಮೊದಲು ಫೋನ್ ಎತ್ತುವುದು ನಿಂತಿತು, ಆಮೇಲೆ ಆ ನಂಬರೇ ಇಲ್ಲವಾಯಿತು.

ಬ್ಯಾಂಕಿನವರಿಗೆ ಮಳೆಯೂ ಗೊತ್ತಿಲ್ಲ, ಮಿಥುನನೂ ಗೊತ್ತಿಲ್ಲ. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರು ಕಟ್ಟಬೇಕು, ಅಷ್ಟೆ. ಒಂದು ತಿಂಗಳು ತಪ್ಪಿದರೆ ಬಡ್ಡಿ, ಬಡ್ಡಿಯ ಮೇಲೆ ದಂಡ, ದಂಡದ ಮೇಲೆ ಮತ್ತೆ ಬಡ್ಡಿ. ವಸೂಲಿಯವರು ಆಫೀಸಿಗೇ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಕೂಗಾಡತೊಡಗಿದರು. ಕೃತಿ ಸ್ಕೂಟರ್ ಮಾರಿದಳು, ತೀರಿಹೋದ ತಾಯಿಯ ಬಳೆಗಳನ್ನು ಮಾರಿದಳು, ಫ್ಲ್ಯಾಟು ಬಿಟ್ಟು ಹಾಸ್ಟೆಲ್ ಸೇರಿದಳು. ಕೊನೆಗೆ ಬ್ಯಾಂಕಿನವರ ಕೈಕಾಲು ಹಿಡಿದು ಎಲ್ಲವನ್ನೂ ಕಂತು ಮಾಡಿಸಿಕೊಂಡಳು. ಸಂಬಳ ಬಂದ ದಿನವೇ ಅರ್ಧಕ್ಕಿಂತ ಹೆಚ್ಚು ಹೊರಟುಹೋಗುತ್ತಿತ್ತು, ಮತ್ತು ಇದು ಇನ್ನೂ ಕೆಲವು ವರ್ಷ ಹೀಗೇ ನಡೆಯಬೇಕಿತ್ತು.

ಅವಳು ಟಿ. ನಗರದ ಮೆಟ್ಟಿಲನ್ನು ಮೊದಲ ಸಲ ಹತ್ತಿದ್ದು ಜಗಳಕ್ಕೆ. ನಿಮ್ಮ ಮಗ ಎಲ್ಲಿ ಎಂದು ಕೇಳಲು, ಹೇಳದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಹೆದರಿಸಲು. ಅನಸೂಯಮ್ಮ ಬಾಗಿಲಲ್ಲೇ ಕುಸಿದು ಕೂತರು.

"ನನಗೂ ಫೋನ್ ಮಾಡ್ಲಿಲ್ಲ ಮಗಾ. ಹೆತ್ತ ಹೊಟ್ಟೆಗೇ ಮೋಸ ಮಾಡಿ ಹೋದ. ನಿನ್ನ ಪಾಡೂ ನನ್ನ ಪಾಡೂ ಒಂದೇ."

ಇಬ್ಬರೂ ತಬ್ಬಿಕೊಂಡು ಅತ್ತರು. ಬೈಯಲು ಬಂದವಳು ಉಂಡು ಹೋದಳು. ಹೋಗುವಾಗ ಅನಸೂಯಮ್ಮ, "ಆಂಟಿ ಅಂತ ಕರೀಬೇಡ, ಅಮ್ಮ ಅಂತ ಕರಿ. ಶನಿವಾರ ಶನಿವಾರ ಬಾ. ಭಾನುವಾರ ಮಾತ್ರ ಬೇಡ, ಕೆಳಗೆ ಹೋಟೆಲಲ್ಲಿ ರಶ್ಶು, ನಿನ್ನ ಹತ್ರ ಮಾತಾಡ್ಲಿಕ್ಕೇ ಆಗುದಿಲ್ಲ," ಎಂದರು.

ಅಂದಿನಿಂದ ಅನಸೂಯಮ್ಮ ಕೊಟ್ಟ ಧೈರ್ಯ ಸಣ್ಣದಲ್ಲ. ಅದನ್ನು ಅಲ್ಲಗಳೆದರೆ ಕಥೆ ಹೇಳುವವರ ನಾಲಿಗೆಗೆ ಒಳ್ಳೆಯದಲ್ಲ. ವಸೂಲಿಯವನ ಫೋನಿಗೆ ಕೃತಿ ನಡುಗುತ್ತಿದ್ದಾಗ, "ಕಳ್ಳರ ಹಾಗೆ ಎಂತಕ್ಕೆ ಹೆದರುದು? ಕಟ್ತಾ ಇದ್ದೇನೆ, ಕೂಗ್ಬೇಡಿ ಅಂತ ಹೇಳಿ ಇಡು," ಎಂದು ಕಲಿಸಿದವರು ಅವರು. ಕಂತು ಕಟ್ಟಿದ ದಿನ ತಪ್ಪದೆ ಫೋನ್ ಮಾಡಿ, "ಒಂದು ಕಲ್ಲು ಇಳಿಯಿತು, ಇವತ್ತು ನಿದ್ದೆ ಮಾಡು," ಎನ್ನುತ್ತಿದ್ದರು. ಜ್ವರ ಬಂದಾಗ ಹಾಸ್ಟೆಲಿಗೆ ಗಂಜಿ ಕಳಿಸಿದ್ದರು. ಜೊತೆಗೆ ಎರಡು ಬುದ್ಧಿಮಾತನ್ನೂ ಹೇಳುತ್ತಿದ್ದರು. ಒಂದು, ಊರಿನ ಆ ತುದಿಯ ಪೆರಂಬೂರಿನಲ್ಲಿರುವ ತಂದೆ ಕಮಲಾಕರ ಅವರಿಗೆ ಸಾಲದ ವಿಷಯ ಹೇಳಬೇಡ, ರೈಲ್ವೆಯಲ್ಲಿ ಮರ್ಯಾದೆಯಿಂದ ದುಡಿದು ನಿವೃತ್ತರಾದವರು, ಎದೆ ಒಡೆದುಕೊಂಡಾರು. ಎರಡು, ಮಿಥುನನ ಬಗ್ಗೆ ನಮ್ಮ ಜನರ ಹತ್ತಿರ ವಿಚಾರಿಸಲು ಹೋಗಬೇಡ, ನಾಲ್ಕು ಬಾಯಿಗೆ ಬಿದ್ದರೆ ಹೆಸರು ಕೆಡುವುದು ಹೆಣ್ಣಿನದ್ದೇ. ಎರಡೂ ಅವಳಿಗೆ ಅಕ್ಕರೆಯ ಮಾತಾಗಿಯೇ ಕೇಳಿದವು.

ಹೀಗಿರುವಾಗ ಒಂದು ಗುರುವಾರ, ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನ ಕಲಸುತ್ತಿದ್ದ ಕೃತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಸೂಲಿಯವನೇ ಇರಬೇಕೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಎತ್ತಿದಳು. ಆ ಕಡೆಯಿಂದ ಬಂದದ್ದು ಮೆದುವಾದ ಕನ್ನಡ.

"ನಮಸ್ಕಾರಮ್ಮ. ನಾನು ಜಯಪ್ರಕಾಶ್ ಅಂತ, ನಂಗನಲ್ಲೂರಿನಿಂದ. ಇನ್ಶೂರೆನ್ಸ್ ಕಂಪನಿಯಲ್ಲಿದ್ದು ರಿಟೈರ್ ಆದದ್ದು. ನನ್ನ ಮಗಳು ಪ್ರಣಮ್ಯಾ ಅಂತ, ಅವಳ ಒಂದು ಸಂಬಂಧದ ವಿಷಯ ಸ್ವಲ್ಪ ವಿಚಾರಿಸ್ಲಿಕ್ಕಿತ್ತು. ಹುಡುಗ ಮೊದಲು ನಿಮ್ಮ ಆಫೀಸಿನಲ್ಲೇ ಇದ್ದವ."

ಇದು ನಮ್ಮವರ ಹಳೆಯ ಪದ್ಧತಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಬಿಟ್ಟಿದ್ದಾರಲ್ಲ, ಹಾಗಾಗಿ ಆ ಸಾವಿರದಲ್ಲಿ ನಾಲ್ಕನ್ನಾದರೂ ಹಿಡಿಯೋಣವೆಂದು ಹೆಣ್ಣಿನ ಕಡೆಯವರು ಗುರುತಿನವರನ್ನು ವಿಚಾರಿಸುತ್ತಾರೆ. ವಿಚಾರಿಸುವುದಕ್ಕೂ ಒಂದು ಭಾಷೆಯಿದೆ. ಕೆಟ್ಟವನನ್ನು ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಹುಡುಗ ಚಿನ್ನ ಎಂದರೆ ಪರವಾಗಿಲ್ಲ ಎಂದು ತಿಳಿಯಬೇಕು. ಒಳ್ಳೆಯವನೇ, ಆದರೂ ಇನ್ನೆರಡು ಕಡೆ ಕೇಳಿ ನೋಡಿ ಎಂದರೆ ಆ ಬಾಗಿಲಿಗೆ ಹೋಗಬೇಡಿ ಎಂದು ಅರ್ಥ.

"ಹುಡುಗನ ಹೆಸರೇನು ಸಾರ್?"

"ಮಿಥುನ್. ಟಿ. ನಗರದ ವಿಷ್ಣುಮೂರ್ತಿಯವರ ಮಗ. ನಿಮ್ಮ ನಂಬರನ್ನು ಅವನ ತಾಯಿಯೇ ಕೊಟ್ಟದ್ದು. ಆಫೀಸಿನಲ್ಲಿ ಹೇಗಿದ್ದ ಅಂತ ಬೇರೆ ಯಾರನ್ನೋ ಎಂತಕ್ಕೆ ಕೇಳ್ತೀರಿ, ನಮ್ಮ ಕೃತಿಯನ್ನೇ ಕೇಳಿ, ಅವಳು ನಮ್ಮನೆ ಮಗಳ ಹಾಗೆ, ಪ್ರತಿ ಶನಿವಾರ ಬರ್ತಾಳೆ ಅಂದ್ರು."

ಕೃತಿಯ ಕೈ ಮೊಸರನ್ನದಲ್ಲೇ ನಿಂತಿತು. "ಅವರು ಈಗ ಎಲ್ಲಿದ್ದಾರಂತೆ?"

"ಕೊಯಮತ್ತೂರಿನಲ್ಲಿ ಅಲ್ವಾ ಕೆಲಸ? ಎರಡು ವಾರಕ್ಕೊಮ್ಮೆ ಭಾನುವಾರ ಮನೆಗೆ ಬಂದು ಹೋಗ್ತಾನಂತೆ. ಹೋದ ಭಾನುವಾರ ನಾವು ಅವರ ಮನೆಯಲ್ಲೇ ನೋಡಿದ್ದು. ಒಳ್ಳೆ ಊಟ ಹಾಕಿದ್ರು."

ಈಗ ಆಫೀಸಿನಲ್ಲಿದ್ದೇನೆ, ನಾಳೆ ನಾನೇ ಮಾಡುತ್ತೇನೆ ಎಂದು ಹೇಳಿ ಫೋನ್ ಇಟ್ಟಳು. ಎದುರಿಗಿದ್ದ ತಟ್ಟೆಯನ್ನು ಹಾಗೆಯೇ ಬದಿಗೆ ಸರಿಸಿದಳು. ಮಿಥುನ್ ಮೋಸ ಮಾಡಿದ ಎನ್ನುವುದು ಹಳೆಯ ಗಾಯ, ಅದಕ್ಕೆ ಚರ್ಮ ಕಟ್ಟಿಯಾಗಿತ್ತು. ಈಗ ಆದದ್ದು ಬೇರೆ. ಶನಿವಾರ ತಾನು ಕೂತು ಅತ್ತ ನೆಲದ ಮೇಲೆ ಭಾನುವಾರ ಅವನಿಗೆ ಎಲೆ ಹಾಕುತ್ತಿದ್ದರು. ತನ್ನ ತಲೆಗೆ ಎಣ್ಣೆ ಹಚ್ಚಿದ ಕೈ, ಎಣ್ಣೆಯ ಜಿಡ್ಡು ಹೋಗುವ ಮೊದಲೇ ಅವನಿಗೆ ಬಡಿಸುತ್ತಿತ್ತು. ನನಗೂ ಫೋನ್ ಮಾಡಲಿಲ್ಲ ಮಗಾ ಎಂದ ಬಾಯಿ ಅದೇ.

ಆ ಸಂಜೆಯೇ ಅವಳು ಟಿ. ನಗರಕ್ಕೆ ಹೋದಳು. ಗಲ್ಲಾದಲ್ಲಿ ಕೂತಿದ್ದ ವಿಷ್ಣುಮೂರ್ತಿ ಅವಳನ್ನು ಕಂಡದ್ದೇ ಎದ್ದು, ಕಾಫಿಯ ಹಾಲು ನೋಡುವ ನೆವದಲ್ಲಿ ಒಳಗೆ ಹೋದರು. ಇವರಿಗೂ ಗೊತ್ತಿತ್ತು ಎಂದು ಕೃತಿಗೆ ಅರ್ಥವಾಯಿತು. ಮೇಲೆ ಅನಸೂಯಮ್ಮ ಹರಿವೆ ಸೊಪ್ಪು ಬಿಡಿಸುತ್ತಿದ್ದರು.

"ಇವತ್ತು ಶನಿವಾರ ಅಲ್ವಲ್ಲ ಮಗಾ," ಎಂದರು, ಬಾಯಿ ತಪ್ಪಿ.

"ಅಲ್ಲ. ಜಯಪ್ರಕಾಶ್ ಅನ್ನೋರು ಫೋನ್ ಮಾಡಿದ್ರು."

ಅನಸೂಯಮ್ಮ ಸೊಪ್ಪನ್ನು ಬದಿಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ನಾನೇ ನಿನಗೆ ಮೊದಲು ಹೇಳ್ಬೇಕು ಅಂತ ಇದ್ದೆ. ಅವರು ಇಷ್ಟು ಬೇಗ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಕೂತ್ಕೋ, ಎರಡು ದೋಸೆ ಹಾಕ್ತೇನೆ."

"ನಂಗೆ ಏನೂ ಬೇಡ. ಅವನು ಎಲ್ಲಿದ್ದಾನೆ ಅಂತ ನಿಮಗೆ ಮೊದಲಿನಿಂದ್ಲೂ ಗೊತ್ತಿತ್ತಾ?"

"ತಾಯಿಗೆ ಗೊತ್ತಿಲ್ಲದೆ ಇರ್ತದಾ?"

"ಹಾಗಾದ್ರೆ ನನ್ನ ಜೊತೆ ಅತ್ತಿದ್ದು?"

"ಅತ್ತದ್ದು ಸುಳ್ಳಲ್ಲ." ಅನಸೂಯಮ್ಮನ ದನಿ ಗಟ್ಟಿಯಾಯಿತು, ಅನ್ಯಾಯದ ಆರೋಪ ಹೊತ್ತವರಂತೆ. "ನಿನ್ನನ್ನು ನೋಡಿಯೇ ಅತ್ತದ್ದು. ಪಾವಂ, ಪಾಪದ ಹುಡುಗಿ ಅಂತ ಕರುಳು ಹಿಂಡ್ತಿತ್ತು. ನೀನು ಆವತ್ತು ಬಂದಾಗ ನಿನ್ನ ಕಣ್ಣು ಹೇಗಿತ್ತು ಗೊತ್ತುಂಟಾ? ಪೊಲೀಸ್ ಸ್ಟೇಷನ್ನಿಗೆ ಹೋಗ್ತೇನೆ ಅಂದೆ. ನಾನು ಎಂತ ಮಾಡ್ಬೇಕಿತ್ತು, ನೀನೇ ಹೇಳು. ಒಂದು ತುತ್ತು ಅನ್ನ ಹಾಕಿದೆ, ನೀನು ಸುಮ್ಮನಾದೆ. ಇನ್ನೊಂದು ವಾರ ಹಾಕಿದೆ. ಮತ್ತೆ ಮತ್ತೆ ನನಗೇ ಅಭ್ಯಾಸ ಆಯ್ತು ಮಾರಾಯ್ತಿ. ನೀನು ಬರದಿದ್ರೆ ನನಗೆ ಶನಿವಾರ ಅಂತಲೇ ಅನ್ನಿಸುದಿಲ್ಲ."

ಇದು ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕೃತಿ ಕೋಪದಿಂದ ಒಂದು ಮಾತು ಬೈದು ಬಾಗಿಲು ಹಾಕಿಕೊಂಡು ಹೋಗಬಹುದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಈ ತಾಯಿಗೆ ಹೆಗ್ಗಣವೂ ಮುದ್ದು, ಹೆಗ್ಗಣ ಕೊರೆದು ಹಾಳುಮಾಡಿದ ಮನೆಯವಳೂ ಮುದ್ದು. ಎರಡನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡು ಅವರು ಆರಾಮವಾಗಿ ನಿದ್ದೆ ಮಾಡಿದ್ದರು. ಅಪ್ಪನಿಗೆ ಹೇಳಬೇಡ ಎಂದದ್ದು, ಯಾರನ್ನೂ ಕೇಳಬೇಡ ಎಂದದ್ದು, ಎಲ್ಲವೂ ಈಗ ಬೇರೆಯಾಗಿಯೇ ಕಾಣತೊಡಗಿತು. ಕಣ್ಣೀರು ಒರೆಸುತ್ತ ಒರೆಸುತ್ತಲೇ ಒಂದೊಂದಾಗಿ ಬಾಗಿಲುಗಳನ್ನು ಮುಚ್ಚಿದ್ದರು.

"ನಿನಗೆ ಅನ್ಯಾಯ ಆಗ್ಲಿಕ್ಕೆ ನಾನು ಬಿಡುದಿಲ್ಲ," ಎಂದರು ಅನಸೂಯಮ್ಮ, ಹತ್ತಿರ ಸರಿದು. "ಈ ಮದುವೆ ಒಂದು ಆಗ್ಲಿ. ಹುಡುಗಿಯ ಅಪ್ಪ ಮಗಳ ಹೆಸರಲ್ಲಿ ಸ್ವಲ್ಪ ಇಟ್ಟಿದ್ದಾರೆ. ಮೊದಲು ನಿನ್ನ ಕಾರ್ಡಿನ ಸಾಲ ಪೂರ್ತಿ ತೀರಿಸ್ಬೇಕು ಅಂತ ಅವನ ಹತ್ರ ಆಣೆ ಹಾಕಿಸಿಕೊಂಡಿದ್ದೇನೆ."

"ಆ ಹುಡುಗಿಯ ದುಡ್ಡಲ್ಲಿ?"

"ಮದುವೆ ಆದ ಮೇಲೆ ಅವಳದ್ದು ಅವನದ್ದು ಅಂತ ಬೇರೆ ಎಂತ ಉಂಟು?"

ಮಿಥುನ್ ಆ ಮಾತನ್ನು ಕಲಿತದ್ದು ಎಲ್ಲಿ ಎಂದು ಕೃತಿಗೆ ಗೊತ್ತಾಯಿತು. ಆದರೂ ನಿಜ ಹೇಳಬೇಕೆಂದರೆ ಅವಳ ಮನಸ್ಸು ಒಂದು ಗಳಿಗೆ ಓಲಾಡಿತು. ಸಾಲವಿಲ್ಲದ ತಿಂಗಳು ಹೇಗಿರುತ್ತದೆ ಎಂದು ಕಣ್ಣಮುಂದೆ ಬಂದುಹೋಯಿತು. ಗೊತ್ತಿಲ್ಲದ ನಂಬರಿಗೆ ನಡುಗದೆ ಫೋನ್ ಎತ್ತುವುದು, ತನ್ನದೇ ಕೋಣೆ, ತನ್ನದೇ ಸಂಬಳ. ಹುಡುಗ ಚಿನ್ನ ಎಂಬ ಎರಡು ಮಾತು ಹೇಳಿದರೆ ಸಾಕು. ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ನಾನು ಅವರ ಹತ್ರ ಎಲ್ಲಾ ಹೇಳಿಬಿಟ್ರೆ ಅಂತ ನಿಮಗೆ ಭಯ ಆಗ್ಲಿಲ್ವಾ?"

ಅನಸೂಯಮ್ಮ ಅವಳ ಕೆನ್ನೆ ಸವರಿದರು. ಆ ಸವರುವಿಕೆಯಲ್ಲಿ ಕಪಟವಿರಲಿಲ್ಲ. "ಉಂಡ ಮನೆಯ ಗಳ ಎಣಿಸುವವಳಲ್ಲ ನೀನು. ಅಷ್ಟು ನನಗೆ ಗೊತ್ತಿಲ್ವಾ?"

ಅವತ್ತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಈ ಮಾತು. ಮಗ ಅವಳ ಕಾರ್ಡುಗಳನ್ನು ಬಳಸಿಕೊಂಡಿದ್ದ. ತಾಯಿ ಅವಳ ಒಳ್ಳೆಯತನವನ್ನೇ ಬೀಗರ ಮುಂದೆ ಜಾಮೀನು ಇಟ್ಟಿದ್ದರು. ಕೃತಿ ಮೆಟ್ಟಿಲು ಇಳಿದಳು. ಮೇಲಿನಿಂದ ಅನಸೂಯಮ್ಮ, "ಶನಿವಾರ ಬರ್ತೀಯಲ್ಲ ಮಗಾ?" ಎಂದು ಕೇಳಿದ್ದು ಬೀದಿಯ ಗದ್ದಲದಲ್ಲೂ ಕೇಳಿಸಿತು.

ಮರುದಿನ ಸಂಜೆ ಹಾಸ್ಟೆಲಿನ ತಾರಸಿಗೆ ಹೋಗಿ, ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ನಿಂತು, ಅವಳು ಜಯಪ್ರಕಾಶರಿಗೆ ಫೋನ್ ಮಾಡಿದಳು. ಇನ್ನೆರಡು ಕಡೆ ಕೇಳಿ ನೋಡಿ ಎಂದು ಹೇಳಿ ಮುಗಿಸಬಹುದಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಆದರೆ ಅವಳ ಬಾಯಲ್ಲಿ ಆ ಭಾಷೆ ಬರಲಿಲ್ಲ. ಕಾರ್ಡು, ಅಡುಗೆಮನೆ, ಮಳೆ, ಪುಣೆ, ಕಂತು, ಶನಿವಾರ, ಭಾನುವಾರ, ತೀರಿಸುತ್ತೇವೆ ಎಂದ ಸಾಲ ಯಾರ ಹಣದಿಂದ ಎಂಬುದು, ಎಲ್ಲವನ್ನೂ ಹೇಳಿದಳು.

ಮುಗಿದ ಮೇಲೆ ಜಯಪ್ರಕಾಶ್ ಕೇಳಿದರು. "ಒಂದು ಕೇಳ್ತೇನೆ, ತಪ್ಪು ತಿಳ್ಕೊಳ್ಬೇಡ. ಇಷ್ಟೆಲ್ಲ ಆದ ಮೇಲೂ ನೀನು ಆ ಮನೆಗೇ ಹೋಗ್ತಾ ಇದ್ದದ್ದು ಎಂತಕ್ಕಮ್ಮ?"

"ಅಳೋಕೆ ನಂಗೆ ಬೇರೆ ಜಾಗ ಇರ್ಲಿಲ್ಲ ಸಾರ್."

ಅವರು ತಂದೆಯಾದವರ ದನಿಯಲ್ಲಿ ಹೇಳಿದರು. "ನೀನು ಹೇಳಿದ್ದು ನಮ್ಮ ಮನೆಯಿಂದ ಹೊರಗೆ ಹೋಗುದಿಲ್ಲ. ಜಾತಕ ಕೂಡ್ಲಿಲ್ಲ ಅಂತ ಅವರಿಗೆ ಹೇಳ್ತೇನೆ. ಯಾರೂ ಮರುಮಾತು ಆಡುದಿಲ್ಲ ಅದಕ್ಕೆ. ನಿನ್ನ ಹೆಸರು ಬರುದೇ ಬೇಡ. ನಾಳೆ ನಿನಗೆ ಆ ಮನೆಗೆ ಹೋಗಿ ಬರ್ಲಿಕ್ಕೆ ತೊಂದರೆ ಆಗ್ಬಾರ್ದು."

ಒಳ್ಳೆಯ ಮನುಷ್ಯ. ಅವಳಿಗೆ ಉಳಿದಿದ್ದ ಒಂದೇ ಒಂದು ಆಸರೆಯನ್ನು ಕಾಪಾಡಿಕೊಡಲು ನೋಡುತ್ತಿದ್ದರು. ಕೃತಿ ತಾರಸಿಯ ಗೋಡೆಗೆ ಒರಗಿ ಯೋಚಿಸಿದಳು. ನಾಳೆ ಶನಿವಾರ. ಹೋಗಬಹುದು. ಜಾತಕದ ನೆವದಿಂದ ಸಂಬಂಧ ತಪ್ಪಿತೆಂದು ಅನಸೂಯಮ್ಮ ಅಳುತ್ತಾರೆ, ತಾನು ಪಕ್ಕದಲ್ಲಿ ಕೂತು ಅವರ ಕಣ್ಣೊರೆಸಬಹುದು, ಪಾಪ ಅಮ್ಮ ಎನ್ನಬಹುದು. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವಳ ಹಾಗೆ ಅವರ ಜೊತೆ ಅಳಬಹುದು, ಅವರು ತನಗೆ ಮಾಡಿದ ಹಾಗೆಯೇ. ಆ ಅಳುವೂ ಸುಳ್ಳಾಗಿರುವುದಿಲ್ಲ. ಅದು ಹೊಳೆದಾಗ ಅವಳಿಗೆ ನಿಜವಾಗಿ ಭಯವಾಯಿತು.

"ಬೇಡ ಸಾರ್," ಎಂದಳು. "ಜಾತಕದ ಮಾತು ಬೇಡ. ಕೃತಿ ಹೇಳಿದ್ಲು ಅಂತ್ಲೇ ಹೇಳಿ."

"ಯೋಚನೆ ಮಾಡಿ ಹೇಳ್ತಿದ್ದೀಯಾ ಅಮ್ಮ?"

"ಹೌದು. ನನ್ನ ಹೆಸರೇ ಹೇಳಿ."

ಫೋನ್ ಇಟ್ಟಳು. ಕೆಳಗೆ ವೇಲಚೇರಿ ಸ್ಟೇಷನ್ನಿಗೆ ರೈಲು ಬಂದು ನಿಂತು ಜನ ಇಳಿಯುತ್ತಿದ್ದರು. ತಡೆದುಕೊಂಡಿದ್ದ ಅಳು ಆಗ ಬಂತು. ತನಗೆ ಹೀಗೆ ಮಾಡಿದವರ ಬಗ್ಗೆ ಯಾರಿಗಾದರೂ ಈ ಕ್ಷಣವೇ ಹೇಳಬೇಕು, ಹೇಳದಿದ್ದರೆ ಎದೆ ಒಡೆದೀತು ಅನ್ನಿಸಿತು. ಒದ್ದೆ ಕೈಯಲ್ಲೇ ಫೋನ್ ತೆಗೆದು ಹೆಸರು ಒತ್ತಿದಳು. ಆ ಕಡೆ ಒಂದು ಸಲ ರಿಂಗ್ ಆದ ಮೇಲೆ, ತಾನು ಮಾಡಿದ್ದು ಅನಸೂಯಮ್ಮನಿಗೆ ಎಂದು ಗೊತ್ತಾಯಿತು.